ಬೆಲ್ಲದ ತಕ್ಕಡಿಯೂ ನಾಲ್ಕು ತಿಂಗಳ ವ್ರತವೂ

ನನ್ನ ಹೆಂಡತಿಯ ತವರಿನವರು ಡೊಂಬಿವಲಿಯಲ್ಲಿ ಎರಡು ತಲೆಮಾರಿನಿಂದ ಹೋಟೆಲ್ ನಡೆಸಿಕೊಂಡು ಬಂದವರು. ಉಡುಪಿ ಕಡೆಯವರು. ಸಂಜೆ ಸ್ಟೇಷನ್ನಿನಿಂದ ಹೊರಬೀಳುವ ಜನದಲ್ಲಿ ಒಂದು ಪಾಲು ಇವರ ಇಡ್ಲಿ ತಿಂದೇ ಮನೆಗೆ ಹೋಗುತ್ತದೆ. ಊರಿಗೆಲ್ಲ ಅನ್ನ ಹಾಕುವವರ ಮನೆಯಲ್ಲಿ ಊಟಕ್ಕೆ ಕೂರುವುದೆಂದರೆ ಅದಕ್ಕೂ ಹಸಿವಿಗೂ ಏನೂ ಸಂಬಂಧವಿಲ್ಲ. ಅದೊಂದು ಶಾಸ್ತ್ರೋಕ್ತ ಕರ್ಮ. ಮೈಸೂರಿನಿಂದ ಬಂದ ಅಳಿಯನಾದ ನನಗೆ ಅದರ ವಿಧಿವಿಧಾನ ತಿಳಿಯುವ ಹೊತ್ತಿಗೆ ತಲೆ ನರೆತಿತ್ತು.

ಆ ಮನೆಯಲ್ಲಿ ‘ಸಾಕು’ ಎಂಬ ಮಾತಿಗೆ ಬೆಲೆಯಿಲ್ಲ. ಮೊದಲ ಸಾಕು ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದನ್ನು ಕೇಳಿದ ಮೇಲೆ ಸೌಟು ಎಲೆಯ ಮೇಲೆ ಗಾಳಿಯಲ್ಲಿ ನಿಂತು ಸ್ವಲ್ಪ ಯೋಚನೆ ಮಾಡುತ್ತದೆ, ಆಮೇಲೆ ಬಡಿಸುತ್ತದೆ. ಉಂಡವರು ಕೈ ತೊಳೆದು ಬರುವಷ್ಟರಲ್ಲಿ, ಬಡಿಸಿದವರೇ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕಳೆದ ಸಲಕ್ಕಿಂತ ದಪ್ಪ ಆಗಿದ್ದೀರಿ, ಹೌದಾ?” ಎಂದು ಕೇಳಬೇಕು. ಒಂದು ಕೈಯಲ್ಲಿ ಬೆಂಕಿ ಹಚ್ಚಿ ಇನ್ನೊಂದು ಕೈಯಲ್ಲಿ ಗಂಟೆ ಬಾರಿಸುವ ಅಗ್ನಿಶಾಮಕ ದಳ ಎಲ್ಲಾದರೂ ಇದ್ದರೆ ಅದು ನನ್ನ ಮಾವನ ಮನೆ. ಇದರಲ್ಲಿ ಗಂಡಸರಿಗೆ ವಿನಾಯಿತಿ ಇದೆ. ಗಂಡಸಿನ ಹೊಟ್ಟೆಯನ್ನು ಅಲ್ಲಿ ಹೊಟ್ಟೆ ಎನ್ನುವುದಿಲ್ಲ, ‘ಕಳೆ’ ಎನ್ನುತ್ತಾರೆ. ನನ್ನ ಭಾವ, ಎಂದರೆ ಹೆಂಡತಿಯ ಅಣ್ಣ, ಗಲ್ಲಾದ ಹಿಂದೆ ಕುಳಿತಾಗ ಆ ಕಳೆ ಮೇಜಿನ ಅಂಚನ್ನು ಮುಟ್ಟುತ್ತದೆ. ಅವರನ್ನು ನಾನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಹಾಗಾಗಿ ನಮ್ಮಿಬ್ಬರ ಜಗಳದಲ್ಲಿ ಬೈದದ್ದು ಯಾರು, ಬೈಸಿಕೊಂಡದ್ದು ಯಾರು ಎಂದು ಪಕ್ಕದ ಫ್ಲ್ಯಾಟಿನವರಿಗೆ ಗೊತ್ತಾಗುವುದಿಲ್ಲ.

ಅವರಿಗೆ ಒಬ್ಬಳೇ ಮಗಳು. ಬಾಲವಾಡಿಗೆ ಹೋಗುತ್ತಿದ್ದಾಗ ಡೆಂಗಿ ಬಂದು, ಮಗು ಉಳಿಯುತ್ತದೋ ಇಲ್ಲವೋ ಎಂಬಂತಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಭಾವ ದೇವರಿಗೆ ಹರಕೆ ಹೇಳಿಕೊಂಡರು: ಮಗು ಗುಣವಾದರೆ ಅವಳ ತೂಕದ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆ, ತಕ್ಕಡಿಯ ಒಂದು ತಟ್ಟೆಯಲ್ಲಿ ಅವಳು, ಇನ್ನೊಂದರಲ್ಲಿ ಬೆಲ್ಲ. ದೇವರು ತನ್ನ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡಿಕೊಟ್ಟ. ಭಾವನಿಗೆ ಮಾತ್ರ ಪುರುಸೊತ್ತಾಗಲಿಲ್ಲ. ಈ ವರ್ಷ ಹೋಟೆಲಿನ ನೆಲಕ್ಕೆ ಹೊಸ ಫರ್ಶಿ, ಆ ವರ್ಷ ಅಡಿಗೆಯವನು ಓಡಿಹೋದ. ಹರಕೆ ಹಾಗೇ ಉಳಿಯಿತು, ಮಗಳು ಬೆಳೆದಳು.

ಬೆಳೆದಳು ಎನ್ನುವುದಕ್ಕಿಂತ ಬೆಳೆಸಿದರು ಎನ್ನಬೇಕು. ಜ್ವರದಲ್ಲಿ ಸೊರಗಿದ ಮಗು ಎಂದು ಅಜ್ಜಿ ತುಪ್ಪ, ಅಮ್ಮ ಬೆಣ್ಣೆ, ಹೋಟೆಲಿನಿಂದ ಅಪ್ಪ ತರುವ ಶಿರಾ. ತಟ್ಟೆ ಖಾಲಿಯಾದರೆ ಚಪ್ಪಾಳೆ. ಶಾಲೆಯ ಸಮವಸ್ತ್ರ ವರ್ಷದ ನಡುವೆಯೇ ಬಿಗಿಯಾದಾಗ ಇಡೀ ಮನೆ ಒಂದು ದಿನ ಬೆಳಿಗ್ಗೆ ಎದ್ದು, ಹುಡುಗಿ ದಪ್ಪಗಿದ್ದಾಳೆ ಎಂಬ ಸತ್ಯವನ್ನು ಕಂಡುಹಿಡಿಯಿತು. ಅಂದಿನಿಂದ ಡಯಟೀಷಿಯನ್ನರ ಪರಂಪರೆ ಪ್ರಾರಂಭವಾಯಿತು. ಒಬ್ಬರು ಅನ್ನ ಬಿಡಿಸಿದರು, ಮತ್ತೊಬ್ಬರು ಅನ್ನ ಕೊಟ್ಟು ಹಣ್ಣು ಬಿಡಿಸಿದರು. ಮನೆಯೆಲ್ಲ ದೋಸೆ ತಿನ್ನುವಾಗ ಅವಳ ಮುಂದೆ ಸೌತೆಕಾಯಿಯ ಡಬ್ಬಿ. ಆಮೇಲೆ ಸ್ಟೋರ್ ರೂಮಿನಲ್ಲಿ ಚಕ್ಕುಲಿ ಕಡಿಮೆಯಾಯಿತೆಂದು ಗದ್ದಲ. “ಕದ್ದು ತಿನ್ನುವ ಬುದ್ಧಿ ಎಲ್ಲಿಂದ ಬಂತು ಇವಳಿಗೆ?” ಎಂದು ಅತ್ತೆ, ಎಂದರೆ ಹುಡುಗಿಯ ಅಜ್ಜಿ, ಕೇಳುತ್ತಿದ್ದರು. ಎಲ್ಲಿಂದ ಬಂತು ಎನ್ನುವುದಕ್ಕೆ ಉತ್ತರ ಸ್ಟೋರ್ ರೂಮಿನ ಬಾಗಿಲಿಗೆ ಬೀಗವಾಗಿ ನೇತಾಡುತ್ತಿತ್ತು. ಅದನ್ನು ಓದಬಲ್ಲವರು ಆ ಮನೆಯಲ್ಲಿ ಇರಲಿಲ್ಲ.

ಹುಡುಗಿ ಓದಿ, ಐರೋಲಿಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯ ಮಾತು ಎದ್ದಿತು. ಆಗ ಅತ್ತೆಗೆ ಹರಕೆ ನೆನಪಾಯಿತು.

ಕಲ್ಯಾಣದಲ್ಲಿ ನೆಂಟರ ಮನೆಯ ಉಪನಯನ. ಊಟ ಮುಗಿದು ಎಲ್ಲರೂ ಹಾಲ್‌ನ ಕುರ್ಚಿಗಳಲ್ಲಿ ವಾಲಿಕೊಂಡಿದ್ದಾಗ ಅತ್ತೆ ಘೋಷಿಸಿದರು: “ಈ ಸಲ ಚಾತುರ್ಮಾಸ್ಯ ಮುಗಿದ ಕೂಡ್ಲೆ ತುಲಾಭಾರ ಮಾಡಿಸುದೇ. ದೇವರದ್ದು ಬಾಕಿ ಇಟ್ಟು ಮದುವೆ ಮಾಡ್ಲಿಕ್ಕೆ ಆಗುದಿಲ್ಲ.”

ಅತ್ತೆಯ ತಂಗಿ ಕಲ್ಯಾಣದವರು. ಭಾವನಿಗೂ ನನ್ನ ಹೆಂಡತಿಗೂ ಚಿಕ್ಕಮ್ಮ. ಬಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ, ಆಡಿಕೊಳ್ಳುವುದರಲ್ಲೂ ಇಲ್ಲ. ಅವರು ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ ಭಾವನಿಗೆ ಹೇಳಿದರು: “ಅಂದೇ ಮಾಡಿಸಿದ್ರೆ ನಾಲ್ಕು ಅಚ್ಚು ಬೆಲ್ಲದಲ್ಲಿ ಮುಗೀತಿತ್ತು ಮಾರಾಯಾ. ಈಗ ಟೆಂಪೋ ಹೇಳ್ಬೇಕಷ್ಟೆ!”

ಹಾಲ್ ಇಡೀ ನಕ್ಕಿತು. ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕು, “ಚಿಕ್ಕಜ್ಜಿ, ಟೆಂಪೋ ಮೇ ನಹೀ ಹೋಗಾ. ಟ್ರಕ್ ಬೋಲೋ ಟ್ರಕ್!” ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. “ನೋಡಿ, ಎಷ್ಟು ಸ್ಪೋರ್ಟಿವ್!” ಎಂದು ಯಾರೋ ಮೆಚ್ಚಿದರು. ತನ್ನ ಮೇಲೆ ಬೀಳುವ ಕಲ್ಲನ್ನು ತಾನೇ ಮೊದಲು ಎತ್ತಿ ತಲೆಯ ಮೇಲೆ ಹಾಕಿಕೊಳ್ಳುವುದಕ್ಕೆ ನಮ್ಮಲ್ಲಿ ಈಗ ಈ ಹೆಸರಿದೆ.

ಆ ವರ್ಷ ಹುಡುಗಿ ಚಾತುರ್ಮಾಸ್ಯ ವ್ರತ ಹಿಡಿದಳು.

ತಿಳಿಯದವರಿಗೆ ಹೇಳುತ್ತೇನೆ. ಮಳೆಗಾಲದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳು ಆ ಮನೆಯ ಹಿರಿಯರು ತಿಂಗಳಿಗೊಂದು ಪದಾರ್ಥ ಬಿಡುತ್ತಾರೆ. ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಆ ತಿಂಗಳು ಮುಗಿದರೆ ಬಿಟ್ಟದ್ದು ಎಲೆಗೆ ವಾಪಸು ಬರುತ್ತದೆ. ಹುಡುಗಿಯ ಎಲೆಗೆ ಬಿಟ್ಟದ್ದು ಯಾವುದೂ ವಾಪಸು ಬರಲಿಲ್ಲ. ತರಕಾರಿ ಹೋಯಿತು, ಮೊಸರೂ ಹೋಯಿತು, ಹಾಲೂ ಹೋಯಿತು. ನಡುವೆ ಏಕಾದಶಿಗಳು. ಏಕಾದಶಿಯ ಹಿಂದಿನ ದಿನ ‘ಹೊಟ್ಟೆ ಸರಿಯಿಲ್ಲ’, ಮರುದಿನ ‘ಆಫೀಸಿನಲ್ಲಿ ಪಾರ್ಟಿ ಇದೆ’.

ಅತ್ತೆಯ ಆನಂದಕ್ಕೆ ಪಾರವಿಲ್ಲ. “ಈಗಿನ ಕಾಲದ ಹುಡುಗಿ! ನಮಗೂ ಇಷ್ಟು ನಿಷ್ಠೆ ಇರ್ಲಿಲ್ಲ ಕಾಣಿ.” ಹುಡುಗಿ ಇಳಿಯುತ್ತ ಬಂದಂತೆ ಭಕ್ತಿಯ ಫಲ ಕಣ್ಣಿಗೆ ಕಾಣತೊಡಗಿತು. ಕಟ್ಟಡದ ಹೆಂಗಸರು ಲಿಫ್ಟಿನಲ್ಲಿ ತಡೆದು ಡಯಟ್ ಪ್ಲಾನ್ ಕೇಳಿದರು. ಭಾವ ಗಲ್ಲಾದಲ್ಲಿ ಕುಳಿತು ಗಿರಾಕಿಗಳಿಗೆ ಸುದ್ದಿ ಹೇಳಿದರು. ಚಿಕ್ಕಮ್ಮ ಫೋನಿನಲ್ಲಿ, “ಟೆಂಪೋ ಬೇಡ, ರಿಕ್ಷಾ ಸಾಕು ಅಂತೆ!” ಎಂದು ಅಭಿನಂದಿಸಿದರು. ಹುಡುಗಿಯ ಕೂದಲು ಉದುರುತ್ತಿತ್ತು, ಕೂತವಳು ಎದ್ದರೆ ಗೋಡೆ ಹಿಡಿಯುತ್ತಿದ್ದಳು. ಅದು ಯಾರ ಗಮನಕ್ಕೂ ಬರಲಿಲ್ಲ ಎನ್ನಲಾರೆ. ಬಂತು. ‘ವ್ರತ ಅಂದ್ರೆ ಸ್ವಲ್ಪ ಸುಸ್ತು ಇರ್ತದೆ’ ಎಂದು ಅದಕ್ಕೂ ಪುಣ್ಯದ ಲೆಕ್ಕದಲ್ಲೇ ಜಾಗ ಮಾಡಿಕೊಟ್ಟರು. ಕಡ್ಡಿಯಂಥ ಹುಡುಗಿ ಒಪ್ಪತ್ತು ಊಟ ಬಿಟ್ಟಿದ್ದರೆ ಇದೇ ಜನ ಆ್ಯಂಬುಲೆನ್ಸ್ ಕರೆಸುತ್ತಿದ್ದರು.

ಮೂರನೆಯ ತಿಂಗಳ ಒಂದು ಸಂಜೆ, ಯಾರನ್ನೋ ರೈಲು ಹತ್ತಿಸಲು ನಾನು ಠಾಣೆ ಸ್ಟೇಷನ್ನಿಗೆ ಹೋಗಿದ್ದೆ. ನಮ್ಮ ಮನೆ ಮಾಜಿವಾಡಾದ ಹತ್ತಿರ. ಹುಡುಗಿ ಐರೋಲಿಯಿಂದ ಬಂದು ಠಾಣೆಯಲ್ಲೇ ಗಾಡಿ ಬದಲಿಸಬೇಕು. ಪ್ಲ್ಯಾಟ್‌ಫಾರ್ಮಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ವಡಾಪಾವ್, ಚೀಲದಲ್ಲಿ ಮತ್ತಷ್ಟು. ಹಸಿದವರು ತಿನ್ನುವಾಗ ಮುಖದಲ್ಲಿ ಒಂದು ಸುಖ ಕಾಣುತ್ತದೆ. ಹೋಟೆಲಿನವರ ಅಳಿಯನಾಗಿ ಅಷ್ಟನ್ನು ನಾನು ಬಲ್ಲೆ. ಅವಳ ಮುಖದಲ್ಲಿ ಅದು ಇರಲಿಲ್ಲ. ಯಾರೋ ಹಿಂದೆ ನಿಂತು ಬೆತ್ತ ತೋರಿಸುತ್ತಿದ್ದಾರೆ ಎಂಬಂತೆ ಒಂದರ ಮೇಲೊಂದು ನುಂಗುತ್ತಿದ್ದಳು. ಚೀಲ ಖಾಲಿಯಾದದ್ದೇ ಓಡುನಡಿಗೆಯಲ್ಲಿ ಶೌಚಾಲಯದ ಕಡೆ ಹೋದಳು. ತಿರುಗಿ ಬಂದಾಗ ಕಣ್ಣು ಕೆಂಪಗೆ ಒದ್ದೆಯಾಗಿತ್ತು. ಎದುರಿಗೆ ನಾನು.

“ಮಾವ,” ಎಂದಳು. ಆಮೇಲೆ, “ಘರ್ ಪೇ ಮತ್ ಬೋಲ್ನಾ. ಪ್ಲೀಸ್.”

“ವಾಂತಿ ಮಾಡಿಕೊಂಡ್ಯಾ?”

“ಮೇರೇ ಕೋ ನಿಕಾಲ್ನಾ ಪಡ್ತಾ ಹೈ, ಮಾವ. ತಕ್ಕಡಿ ಹೈ ನಾ.”

ತೆಗೆಯಲೇಬೇಕಂತೆ. ತಕ್ಕಡಿ ಇದೆಯಲ್ಲ. ನಾನು ಮನೆಗೆ ಹೋದವನೇ ಹೆಂಡತಿಗೆ ಹೇಳಿದೆ. ಹೆಂಡತಿ ಅಣ್ಣನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಭಾವನ ಧ್ವನಿ ಆಘಾತದಿಂದ ಕಂಪಿಸಿತು:

“ವಡಾಪಾವಾ? ಅದ್ರಲ್ಲಿ ಬೆಳ್ಳುಳ್ಳಿ ಚಟ್ನಿ ಉಂಟಲ್ಲ!”

“ಅಣ್ಣ, ಅವಳು ತಿಂದದ್ದನ್ನೆಲ್ಲ ಕಕ್ಕಿದ್ದಾಳೆ.”

“ಕಕ್ಕದೆ ಎಂತ ಮಾಡ್ತಾಳೆ? ಸ್ಟೇಷನ್ ಎಣ್ಣೆ! ತಿನ್ಲೇಬೇಕಿದ್ರೆ ನಮ್ಮ ಹೋಟೆಲಲ್ಲಿ ತಿನ್ಬಹುದಿತ್ತು. ವ್ರತ ಭಂಗ ಆಯ್ತಲ್ಲ ಮಾರಾಯ್ತಿ!”

ಹೀಗೆ ಒಂದು ಕುಟುಂಬಕ್ಕೆ ಮಗಳ ರೋಗ ಕೈಗೆ ಸಿಕ್ಕಿತು, ಅದರಿಂದ ಅವರು ಹೆಕ್ಕಿಕೊಂಡದ್ದು ಬೆಳ್ಳುಳ್ಳಿಯನ್ನು. ವ್ರತಭಂಗಕ್ಕೆ ಪ್ರಾಯಶ್ಚಿತ್ತವಾಗಬೇಕೆಂದು ಅತ್ತೆ ತೀರ್ಮಾನಿಸಿದರು. ಪ್ರಾಯಶ್ಚಿತ್ತ ಏನೆಂದರೆ, ಇನ್ನೂ ಒಂದಿಷ್ಟು ಉಪವಾಸ.

ಅದಾದ ವಾರದಲ್ಲೇ ಹುಡುಗಿ ಲೋಕಲ್ಲಿನಲ್ಲಿ ಬಿದ್ದಳು. ಡೊಂಬಿವಲಿ ಬಂದಾಗ ಇಳಿಯಲು ಎದ್ದವಳು ಬಾಗಿಲ ಹತ್ತಿರ ಕುಸಿದಳಂತೆ. ನೂಕುನುಗ್ಗಲಿನಲ್ಲಿ ಅವಳನ್ನು ಎತ್ತುವಷ್ಟರಲ್ಲಿ ಗಾಡಿ ಹೊರಟಿತ್ತು. ಲೇಡೀಸ್ ಡಬ್ಬಿಯ ಹೆಂಗಸರು ಮುಂದಿನ ಠಾಕುರ್ಲಿಯಲ್ಲಿ ಇಳಿಸಿ, ಬೆಂಚಿನ ಮೇಲೆ ಮಲಗಿಸಿ, ಅವಳ ಫೋನಿನಿಂದ ಮನೆಗೆ ತಿಳಿಸಿದರು. ಭಾವ ಅವಳನ್ನು ತಮ್ಮ ಹಳೆಯ ಡಾಕ್ಟರರ ಬಳಿಗೆ ಒಯ್ದರು. ಆ ಮಹಾನುಭಾವರು ನಾಡಿ ಹಿಡಿಯುವ ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಮುಖವರಳಿಸಿ, “ವ್ಹಾ! ಛಾನ್! ಹೀಗೇ ಮುಂದುವರಿಸು ಬೇಟಾ” ಎಂದು ಬೆನ್ನು ತಟ್ಟಿ, ನೀರಿಗೆ ಕಲಸಿ ಕುಡಿಯುವ ಪುಡಿ ಬರೆದುಕೊಟ್ಟರು. ಬಾವಿಗೆ ಬಿದ್ದವರನ್ನು ಕಟ್ಟೆಯ ಮೇಲೆ ನಿಂತು, ಈಜು ಚೆನ್ನಾಗಿದೆ ಎಂದು ಹೊಗಳುವುದಕ್ಕೂ ಪದವಿ ಬೇಕಾಗುತ್ತದೆ, ಅವರು ಅದನ್ನು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ನನ್ನ ಹೆಂಡತಿ ಆಗ ಒಂದು ಕೆಲಸ ಮಾಡಿದಳು. ಯಾರನ್ನೂ ಕೇಳಲಿಲ್ಲ. ಹುಡುಗಿಯನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಖಾರಘರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಮನೋರೋಗದ ಡಾಕ್ಟರೊಬ್ಬರು ಹುಬ್ಬಳ್ಳಿ ಕಡೆಯ ಹೆಂಗಸು. ಎರಡು ದಿನ ಅಡ್ಮಿಟ್ ಮಾಡಿಸಿ, ರಕ್ತ ತೆಗೆಸಿ, ಹುಡುಗಿಯ ಹತ್ತಿರ ಬಾಗಿಲು ಹಾಕಿಕೊಂಡು ಮಾತಾಡಿ, ಆಮೇಲೆ ನಮ್ಮನ್ನೆಲ್ಲ ಒಳಗೆ ಕರೆದರು. ಭಾವ, ಅವರ ಹೆಂಡತಿ, ನಾವಿಬ್ಬರು.

“ನೋಡ್ರಿ, ಮೈ ದಪ್ಪ ಐತಿ ಅಂದ್ರ ಹೊಟ್ಟಿ ತುಂಬೇತಿ ಅಂತ ಅಲ್ಲ,” ಎಂದು ಶುರು ಮಾಡಿದರು. “ಈಕಿ ಉಪವಾಸ ಬಿದ್ದಾಳ. ಉಪವಾಸ ಬಿದ್ದ ಮೈ ಒಂದಿನ ತಡಕೊಳ್ಳಾಕ ಆಗದ ಸಿಕ್ಕಿದ್ದೆಲ್ಲ ತಿಂತೈತಿ. ತಿಂದು ನಾಚಿಕಿ, ನಾಚಿಕಿಗೆ ವಾಂತಿ, ಮತ್ತ ಉಪವಾಸ. ಇದು ಈಗಿಂದಲ್ಲ, ಸೌತಿಕಾಯಿ ಡಬ್ಬಿ ಕಟ್ಟಿದ ದಿನದಿಂದ ನಡದೈತಿ. ದಪ್ಪ ಆಗಿದ್ರಾಗೂ ಇದರ ಪಾಲೈತಿ.”

ಭಾವನಿಗೆ ಇದು ಒಪ್ಪಿಗೆಯಾಗಲಿಲ್ಲ. “ಅಲ್ಲ ಡಾಕ್ಟ್ರೇ, ಊಟ ಬಿಡುವ ರೋಗ ಕಡ್ಡಿ ಹಾಗೆ ಇರುವವರಿಗೆ ಅಲ್ವಾ ಬರುದು?”

“ಹಂಗಾರ ಕಡ್ಡಿ ಆಗೂತನಕ ಕಾಯೂಣೇನ್ರಿ?” ಎಂದರು ಡಾಕ್ಟರು. “ರಕ್ತದಾಗಿನ ಉಪ್ಪಿನಂಶ ಕುಸದೈತಿ. ಆಕಿ ಹೃದಯಕ್ಕ ಆಕಿ ಚೂಡಿದಾರದ ಸೈಜು ಗೊತ್ತಾಗಂಗಿಲ್ರಿ. ಅದು ನಿಲ್ಲೂದಿದ್ರ ನಿಂತಽ ಬಿಡ್ತೈತಿ.”

ಭಾವನ ಕಳೆ ಆಗ ಸ್ವಲ್ಪ ಕುಂದಿತು. ಡಾಕ್ಟರು ಅಪ್ಪಣೆಗಳನ್ನು ಹೇಳಿದರು. ಹೊತ್ತಿಗೆ ಸರಿಯಾಗಿ ಊಟ. ವ್ರತ ಬಂದ್. ಅವಳ ತಟ್ಟೆಯ ಬಗ್ಗೆ, ಮೈಯ ಬಗ್ಗೆ ಯಾರೂ ಮಾತೆತ್ತಬಾರದು, ಹೊಗಳಿಕೆ ಕೂಡ ಬೇಡ. ತೂಕ ಡಾಕ್ಟರೇ ನೋಡುತ್ತಾರೆ, ಅದೂ ಅಂಕಿ ಕಾಣದಂತೆ ಅವಳನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ. “ಮನ್ಯಾಗಿನ ತೂಕದ ಮಷೀನ್ ಹೊರಗ ಒಗೀರಿ.”

“ಇನ್ನೊಂದು ಮಷೀನ್ ಉಂಟು ಡಾಕ್ಟ್ರೇ,” ಎಂದಳು ನನ್ನ ಹೆಂಡತಿ. “ದೇವಸ್ಥಾನದಲ್ಲಿ. ಒಂದು ಬದಿ ಇವಳು, ಇನ್ನೊಂದು ಬದಿ ಬೆಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಎಲ್ಲಾರ ಮುಂದ?”

“ಎಲ್ಲರ ಮುಂದೆ. ಊಟವೂ ಉಂಟು.”

“ಹಂಗೇನರ ಕೂಡಿಸಿದ್ರ ಮತ್ತ ಇಲ್ಲಿಗೇ ಹೊತ್ಕೊಂಡು ಬರ್ತೀರಿ,” ಎಂದರು ಅವರು. “ಬರೂದರಾಗ ಉಳದಿದ್ರ.”

ಇಷ್ಟು ಕೇಳಿದ ಮೇಲೆ ಯಾವ ಮನೆಯವರಾದರೂ ತಕ್ಕಡಿಯ ಮಾತು ಬಿಡುತ್ತಾರೆ ಎಂದು ನೀವು ಭಾವಿಸಿದರೆ, ನಿಮಗೆ ನಮ್ಮ ಜನರ ಪರಿಚಯ ಸಾಲದು. ದೇವಸ್ಥಾನದಲ್ಲಿ ದಿನ ಹಿಡಿದಾಗಿತ್ತು, ಅಡಿಗೆಯವರಿಗೆ ಹೇಳಿಯಾಗಿತ್ತು, ಆಮಂತ್ರಣ ವಾಟ್ಸಾಪಿನಲ್ಲಿ ಬೆಂಗಳೂರಿನವರೆಗೆ ಹೋಗಿತ್ತು. ಡೊಂಬಿವಲಿಯ ಮನೆಯಲ್ಲಿ ಸಭೆ ಸೇರಿತು. ಸಭೆಯಲ್ಲಿ ಚಕ್ಕುಲಿ ಹಂಚಲಾಯಿತು.

“ಡಾಕ್ಟ್ರು ಹೇಳ್ತಾರೆ, ಅವರಿಗೆಂತ?” ಎಂದರು ಅತ್ತೆ. “ದೇವರಿಗೆ ಕೊಟ್ಟ ಮಾತು ತಪ್ಪಿದ್ರೆ ಆಗುದು ಮಗುವಿಗೇ ಅಲ್ವಾ?”

“ಒಂದು ನಿಮಿಷದ ಕೆಲಸ, ಕೂತು ಇಳಿದ್ರಾಯ್ತು,” ಎಂದರು ಭಾವ. “ಈಗ ತೂಕ ಕಮ್ಮಿಯೂ ಆಗಿದೆ, ನಾಚಿಕೆ ಎಂತಕ್ಕೆ?” ಖಾರಘರದಿಂದ ಡೊಂಬಿವಲಿಗೆ ಬರುವಷ್ಟರಲ್ಲಿ ಅವರ ಭಯ ಇಳಿದುಹೋಗಿತ್ತು.

ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಮೈ ನಹೀ ಬೈಠೂಂಗಿ,” ಎಂದಳು.

“ಕೂರುದಿಲ್ಲ ಅಂದ್ರೆ ಹರಕೆ?”

“ಹರಕೆ ಮೈನೇ ಥೋಡೀ ಬೋಲಾ ಥಾ? ನಾನು ಆವಾಗ ಬೇಹೋಶ್ ಇದ್ದೆ. ಪಪ್ಪಾ ಹೇಳಿದ್ದು. ಪಪ್ಪಾ ಬೈಠೇಂಗೇ.”

ಕೂರುವುದು ಅಪ್ಪನೇ ಅಂತೆ. ಚಕ್ಕುಲಿ ಕಡಿಯುತ್ತಿದ್ದವರೆಲ್ಲ ಭಾವನ ಕಡೆ ತಿರುಗಿದರು. ನನ್ನ ಹೆಂಡತಿ ಆ ಮಾತು ಆರುವ ಮೊದಲೇ ಪುರೋಹಿತರಿಗೆ ಫೋನ್ ಹಚ್ಚಿದಳು. ಪುರೋಹಿತರು ಆ ಹೊತ್ತಿಗೆ ನೇರುಳಿನಲ್ಲಿ ಗೃಹಪ್ರವೇಶ ಮುಗಿಸಿ ಪನವೇಲಿನ ನಾಮಕರಣಕ್ಕೆ ಹೊರಟಿದ್ದರು. “ಹರಕೆ ಹೇಳಿದವರು ಕೂರಬಹುದಾ? ಕೂರಬಹುದು, ಕೂರಬಹುದು, ಧಾರಾಳ,” ಎಂದರು. “ಯಾರಾದ್ರೂ ಕೂತುಕೊಳ್ಳಿ, ಹತ್ತೂವರೆಗೆ ಮುಗೀಬೇಕು. ನಂಗೆ ಅವತ್ತು ವಾಶಿಯಲ್ಲಿ ಇನ್ನೊಂದು ಉಂಟು.” ಧರ್ಮಶಾಸ್ತ್ರದ ಅಷ್ಟು ದೊಡ್ಡ ತೊಡಕು ಒಬ್ಬ ಮನುಷ್ಯನ ಅವಸರದಲ್ಲಿ ಬಿಡಿಸಿಕೊಂಡಿತು. ಬೆಲ್ಲ ಕಡಿಮೆಯಾದರೆ ದೇವರಿಗೆ ಮೋಸ, ಹೆಚ್ಚಾದರೆ ದೋಷವಿಲ್ಲ ಎಂದು ಅತ್ತೆಯೂ ಕೊನೆಗೆ ಲೆಕ್ಕ ಹೊಂದಿಸಿಕೊಂಡರು. ಭಾವ ಹೆಚ್ಚು ತೂಗುವುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಕಾರ್ತಿಕದ ಆ ಬೆಳಿಗ್ಗೆ ಭಾವ ಜರಿಪಂಚೆ ಉಟ್ಟು, ಶಾಲು ಹೊದ್ದು, ಕೊರಳಿಗೆ ಹಾರ ಹಾಕಿಸಿಕೊಂಡು, ಪಟ್ಟಾಭಿಷೇಕಕ್ಕೆ ಹೊರಟವರಂತೆ ತಕ್ಕಡಿ ಏರಿದರು. ತಟ್ಟೆ ನೆಲಕ್ಕೆ ಕುಳಿತಿತು. ಎದುರು ತಟ್ಟೆಗೆ ಬೆಲ್ಲದ ಅಚ್ಚುಗಳು ಬೀಳತೊಡಗಿದವು. ಭಾವ ಎಲ್ಲರಿಗೂ ನಗುತ್ತ ಕೈಮುಗಿದರು. ಬೆಲ್ಲ ಬಿದ್ದಿತು. ಭಾವ ಏಳಲಿಲ್ಲ. ಇನ್ನಷ್ಟು ಬಿದ್ದಿತು, ತಟ್ಟೆ ಅಲುಗಲಿಲ್ಲ. ತಂದಿದ್ದ ಬೆಲ್ಲವೆಲ್ಲ ಮುಗಿಯಿತು. ಇನ್ನೊಂದು ಮೂಟೆಗೆ ಅಂಗಡಿಗೆ ಜನ ಓಡಿದರು. ಅಲ್ಲಿಯವರೆಗೆ ಭಾವ ಹಗ್ಗ ಹಿಡಿದು, ಕಾಲು ಮಡಚಿ, ನೆಲದ ಮೇಲೆ, ಅಷ್ಟೂ ಜನರ ಕಣ್ಣೆದುರಿಗೆ ಕುಳಿತೇ ಇರಬೇಕಾಯಿತು.

“ದಿನಾ ಇವನ ಹೋಟೆಲಲ್ಲಿ ಉಳಿದದ್ದು ಎಲ್ಲಿ ಹೋಗ್ತದೆ ಅಂತ ಈಗ ಗೊತ್ತಾಯ್ತು!” ಎಂದರು ಚಿಕ್ಕಮ್ಮ.

ನಗು ಎದ್ದಿತು. ಕಲ್ಯಾಣದ ಹಾಲ್‌ನಲ್ಲಿ ಎದ್ದದ್ದೇ, ಅದೇ ಜನರದ್ದು. ಮೊಬೈಲುಗಳು ಮೇಲೆದ್ದವು. ಭಾವನ ನಗು ಮುಖದ ಮೇಲೆ ಉಳಿದಿತ್ತು, ಆದರೆ ಅದರ ಒಳಗೆ ಯಾರೂ ಇರಲಿಲ್ಲ. ಶಾಲನ್ನು ಎಳೆದು ಹೊಟ್ಟೆಯ ಮೇಲೆ ಹಾಕಿಕೊಂಡರು. ನಾನು ಅವರನ್ನು ಅಷ್ಟು ವರ್ಷದಿಂದ ಬಲ್ಲೆ. ಕಳೆಯನ್ನು ಮುಚ್ಚಿಕೊಂಡದ್ದನ್ನು ನೋಡಿದ್ದು ಅದೇ ಮೊದಲು. ಅವರ ಕಣ್ಣು ಜನರ ನಡುವೆ ಮಗಳನ್ನು ಹುಡುಕಿತು. ಅವಳು ನಗುತ್ತಿರಲಿಲ್ಲ.

ಮೂಟೆ ಬಂತು, ತಟ್ಟೆ ಎದ್ದಿತು, ಮಂಗಳಾರತಿಯಾಯಿತು. ಭಾವ ಇಳಿದು ಜ್ಞಾನಿಯಾದರು ಎಂದು ನಾನು ಬರೆಯುವುದಿಲ್ಲ. ಪಂಕ್ತಿಯಲ್ಲಿ ಮಾತ್ರ, ಹೋಟೆಲಿನ ಮಾಲೀಕನಾಗಿ ಯಾವಾಗಲೂ ಕೊನೆಗೆ ಉಣ್ಣುವವರು, ಮಗಳ ಪಕ್ಕದ ಎಲೆಗೆ ಬಂದು ಕುಳಿತರು. ಡಾಕ್ಟರರ ಅಪ್ಪಣೆಯನ್ನು ನನ್ನ ಹೆಂಡತಿ ಬೆಳಿಗ್ಗೆಯೇ ಎಲ್ಲರ ಕಿವಿಗೂ ಹಾಕಿದ್ದಳು. ಯಾರು ಎಷ್ಟು ತಿಂದರು, ಯಾರು ದಪ್ಪ, ಯಾರು ಇಳಿದರು ಎನ್ನುವಂತಿಲ್ಲ ಎಂದಾಗ, ಈ ಕುಟುಂಬಕ್ಕೆ ಆಡಲು ಬೇರೆ ಮಾತೇ ಇಲ್ಲ ಎಂಬುದು ಬೆಳಕಿಗೆ ಬಂತು. ಬಹಳ ಹೊತ್ತು ಎಲ್ಲರೂ ಸಾರಿನ ಸದ್ದು ಕೇಳುತ್ತ ಕುಳಿತೆವು. ಕೊನೆಗೆ ಯಾರೋ ನೀರಿನ ಟ್ಯಾಂಕರಿನ ವಿಷಯ ತೆಗೆದು ಕಾಪಾಡಿದರು.

ಹುಡುಗಿ ಅನ್ನ ಸಾರು ಕಲಸಿ, ನಿಧಾನವಾಗಿ, ಪ್ರತಿ ತುತ್ತಿಗೂ ಅನುಮತಿ ಕೇಳುವವಳಂತೆ ಉಣ್ಣುತ್ತಿದ್ದಳು. ಖಾರಘರದ ಡಾಕ್ಟರ ಬಳಿಗೆ ಇನ್ನೂ ಹೋಗಿಬರುತ್ತಾಳೆ, ಬಹಳ ಕಾಲ ಹೋಗಬೇಕಂತೆ. ಹರಕೆಯ ಬೆಲ್ಲದಲ್ಲೇ ಮಾಡಿದ ಪಾಯಸದ ಪಾತ್ರೆ ಹಿಡಿದು ಚಿಕ್ಕಮ್ಮ ಪಂಕ್ತಿಯಲ್ಲಿ ಬಂದರು. ಹುಡುಗಿಯ ಎಲೆಯ ಮುಂದೆ ನಿಂತು ಬಾಯಿ ತೆರೆದರು.

“ಚಿಕ್ಕಮ್ಮ,” ಎಂದರು ಭಾವ, ತಲೆಯೆತ್ತದೆ. “ಬಡಿಸುದಾದ್ರೆ ಬಡಿಸಿ. ಮಾತಾಡುದಾದ್ರೆ ಪಾತ್ರೆ ಇಟ್ಟು ಹೊರಗೆ ಹೋಗಿ.”

ತೆರೆದ ಬಾಯಿಯನ್ನು ಚಿಕ್ಕಮ್ಮ ಮುಚ್ಚಿಕೊಂಡರು. ಬಡಿಸಿದರು. ಒಂದು ಸೌಟು. ಎರಡನೆಯದನ್ನು ಅಭ್ಯಾಸಬಲದಿಂದ ಎತ್ತಿದರು.

“ಸಾಕು,” ಎಂದಳು ಹುಡುಗಿ.

ಸೌಟು ಎಲೆಯ ಮೇಲೆ ಗಾಳಿಯಲ್ಲಿ ನಿಂತಿತು. ಭಾವ ಈಗ ತಲೆಯೆತ್ತಿ ಚಿಕ್ಕಮ್ಮನನ್ನೇ ನೋಡಿದರು. ಸೌಟು ಪಾತ್ರೆಗೆ ಹಿಂತಿರುಗಿತು, ಚಿಕ್ಕಮ್ಮ ಮುಂದಿನ ಎಲೆಗೆ ಹೋದರು. ಮುಂದಿನ ಎಲೆ ನನ್ನದು. ನಾನು ಸಾಕು ಎಂದೆ, ಮತ್ತೆ ಸಾಕು ಎಂದೆ, ಮೂರನೆಯ ಸಲವೂ ಎಂದೆ. ಅವರು ಸುರಿಯುತ್ತಲೇ ಇದ್ದರು.